ಹಳೆಯ ವಿಸಿಆರ್‌ಗೆ ಲಕ್ಷ ರೂಪಾಯಿ ಸಿಗುತ್ತದೆಯೇ? ಕ್ಯಾಸೆಟ್ಟೂ ಇದೆ, ಪ್ಲೇಯರ್ರೂ ಇದೆ, ಆದರೂ ಮದುವೆ ವಿಡಿಯೋ ಯಾಕೆ ಕಾಣುವುದಿಲ್ಲ?

ಮನೆಯಲ್ಲಿ ಹಳೆಯ ಟಿವಿ, ರೇಡಿಯೋ ಅಥವಾ ವಿಸಿಆರ್ ಇದ್ದರೆ ಗುಜರಿಗೆ ಹಾಕಬೇಡಿ, ಅದರೊಳಗೆ ‘ಕೆಂಪು ಪಾದರಸ’ ಇದೆ, ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಕೆಲವೊಮ್ಮೆ ಜತೆಗೆ ಒಂದು ವಿಡಿಯೋ, ಅದರಲ್ಲಿ ಯಾರೋ ಹಳೆಯ ಪೆಟ್ಟಿಗೆ ಬಿಚ್ಚಿ ಪುಟ್ಟ ಗಾಜಿನ ಕೊಳವೆ ತೋರಿಸುತ್ತಿರುತ್ತಾರೆ.

ಮೊದಲು ಇದನ್ನು ಮುಗಿಸಿಬಿಡೋಣ. ಆ ಸಂದೇಶಗಳು ಹೇಳುವ ಮಾಂತ್ರಿಕ ಕೆಂಪು ಪಾದರಸ ಎಂಬ ವಸ್ತುವೇ ಇಲ್ಲ. ಪಾದರಸ ಮತ್ತು ಗಂಧಕ ಸೇರಿದ ಇಂಗಳೀಕ ಕೆಂಪಗಿರುತ್ತದೆ, ಅದು ನಿಜ. ಆದರೆ ಅದಕ್ಕೂ ವಿಸಿಆರ್‌ಗೂ ಸಂಬಂಧವಿಲ್ಲ, ಅದಕ್ಕೆ ಲಕ್ಷದ ಬೆಲೆಯೂ ಇಲ್ಲ. 2009ರಲ್ಲಿ ಇದೇ ಗಾಳಿಸುದ್ದಿ ಸೌದಿ ಅರೇಬಿಯಾದಲ್ಲಿ ಹಳೆಯ ಹೊಲಿಗೆ ಯಂತ್ರಗಳ ಬಗ್ಗೆ ಹಬ್ಬಿ, ಜನ ಮುಗಿಬಿದ್ದು ಯಂತ್ರ ಕೊಂಡಿದ್ದರು. ಯಂತ್ರ ಬದಲಾಗುತ್ತದೆ, ಕಥೆ ಅದೇ. ವಿಸಿಆರ್ ಒಳಗೆ ಇರುವುದು ಮೋಟಾರು, ರಬ್ಬರ್ ಬೆಲ್ಟು, ಸರ್ಕ್ಯೂಟ್ ಬೋರ್ಡು ಮತ್ತು ಉರುಟಾದ ಒಂದು ಲೋಹದ ಡ್ರಮ್ಮು. ಪಾದರಸ ಹುಡುಕುತ್ತೇವೆಂದು ಹಳೆಯ ಪಿಕ್ಚರ್ ಟ್ಯೂಬ್ ಟಿವಿಯನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಆ ಟ್ಯೂಬಿನಲ್ಲಿ ಜೋರಾಗಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಈ ಸಂದೇಶದ ಹಿಂದೆ ಇನ್ನೊಂದು ಪ್ರಶ್ನೆ ಇದೆ, ನಮಗೆ ಅದೇ ಮುಖ್ಯ ಅನ್ನಿಸುತ್ತದೆ. ಅಟ್ಟದ ಮೇಲಿನ ಆ ಪೆಟ್ಟಿಗೆ ಕೆಟ್ಟಿಲ್ಲ. ಬೀರುವಿನಲ್ಲಿ ಮದುವೆಯ ಕ್ಯಾಸೆಟ್ ಇದೆ. ಅದರಲ್ಲಿ ಈಗ ಇಲ್ಲದ ಅಜ್ಜಿ ನಡೆದಾಡುತ್ತಾರೆ, ಅಪ್ಪ ಮಾತಾಡುತ್ತಾರೆ. ಎರಡೂ ಕೈಯಲ್ಲಿದ್ದರೂ ನೋಡಲಾಗುತ್ತಿಲ್ಲ. ಹೀಗೇಕಾಯಿತು? ‘ಕಂಪನಿಗಳು ಬೇಕಂತಲೇ ಮಾಡಿದ ಮೋಸ’ ಎನ್ನುವ ಫಾರ್ವರ್ಡ್‌ಗಳೂ ಓಡಾಡುತ್ತವೆ. ಅದರಲ್ಲಿ ಸ್ವಲ್ಪ ನಿಜವಿದೆ, ಬಹುಪಾಲು ಅಲ್ಲ.

ಟೇಪಿನ ಮೇಲೆ ಚಿತ್ರ ಹೇಗೆ ಕೂತಿರುತ್ತದೆ?

ಹಾಡಿನ ಕ್ಯಾಸೆಟ್ ನಿಮಗೆ ಗೊತ್ತು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ನಿಂತ ಹೆಡ್ಡಿನ ಮುಂದೆ ಸರಿಯುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳು, ಅಷ್ಟನ್ನು ಬರೆಯಲು ಈ ವೇಗ ಸಾಕು. ಟಿವಿ ಚಿತ್ರದ ಸಿಗ್ನಲ್ ಹಾಗಲ್ಲ, ಅದರ ಕಂಪನಗಳ ಲೆಕ್ಕ ದಶಲಕ್ಷಗಳಲ್ಲಿ. ಅಷ್ಟನ್ನು ಬರೆಯಬೇಕಾದರೆ ಟೇಪು ಬಾಣದಂತೆ ಓಡಬೇಕು.

1950ರ ದಶಕದಲ್ಲಿ ಬ್ರಿಟನ್ನಿನ ಬಿಬಿಸಿ ಹಾಗೇ ಓಡಿಸಿ ನೋಡಿತು. ‘ವೆರಾ’ ಎಂಬ ಅವರ ಯಂತ್ರದಲ್ಲಿ ಟೇಪು ಸೆಕೆಂಡಿಗೆ 5 ಮೀಟರ್‌ಗೂ ಹೆಚ್ಚು ವೇಗದಲ್ಲಿ ಹೋಗುತ್ತಿತ್ತು. ಚಕ್ಕಡಿ ಗಾಲಿಯಂತಿದ್ದ ದೊಡ್ಡ ಸುರುಳಿಯಲ್ಲಿ ಹದಿನೈದು ನಿಮಿಷದ ಕಾರ್ಯಕ್ರಮ ಮಾತ್ರ ಹಿಡಿಸುತ್ತಿತ್ತು. 1956ರಲ್ಲಿ ಅಮೆರಿಕದ ಆ್ಯಂಪೆಕ್ಸ್ ಕಂಪನಿ ಜಾಣ ಉಪಾಯ ಹುಡುಕಿತು: ಟೇಪು ನಿಧಾನ ಹೋಗಲಿ, ಹೆಡ್ಡೇ ಗರಗರ ತಿರುಗಲಿ. ಮುಂದೆ ಮನೆಗೆ ಬಂದ ಎಲ್ಲ ವಿಡಿಯೋ ಯಂತ್ರಗಳೂ ಈ ತಿರುಗುವ ಹೆಡ್ಡಿನ ಮಕ್ಕಳು, ಮೊಮ್ಮಕ್ಕಳು.

ನಮ್ಮ ಮನೆಯ ವಿಎಚ್ಎಸ್ ಯಂತ್ರವನ್ನೇ ತೆಗೆದುಕೊಳ್ಳಿ. ಟೇಪು ಸಾಗುವುದು ಸೆಕೆಂಡಿಗೆ ಬರೀ 2.34 ಸೆಂಟಿಮೀಟರ್, ಅಂದರೆ ಹಾಡಿನ ಕ್ಯಾಸೆಟ್ಟಿಗಿಂತಲೂ ಅರ್ಧ ವೇಗ. ಆದರೆ 62 ಮಿಲಿಮೀಟರ್ ಅಗಲದ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ಹಾಕುತ್ತದೆ. ಲೆಕ್ಕ ಹಾಕಿದರೆ ಹೆಡ್ಡು ಟೇಪನ್ನು ಸೆಕೆಂಡಿಗೆ ಸುಮಾರು 4.9 ಮೀಟರ್ ವೇಗದಲ್ಲಿ ಸವರುತ್ತದೆ. ವೆರಾ ಯಂತ್ರ ಟೇಪನ್ನು ಓಡಿಸಿ ಪಡೆದ ವೇಗವನ್ನೇ ಇದು ಕೂತಲ್ಲೇ ತಿರುಗಿ ಪಡೆಯುತ್ತದೆ.

ಡ್ರಮ್ಮು ಟೇಪಿಗೆ ಓರೆಯಾಗಿ ಕೂತಿರುವುದರಿಂದ ಚಿತ್ರ ಟೇಪಿನ ಮೇಲೆ ಓರೆ ಓರೆ ಗೆರೆಗಳಾಗಿ ಬರೆದುಕೊಳ್ಳುತ್ತದೆ. ಸೆಕೆಂಡಿಗೆ 50 ಗೆರೆ, ಒಂದೊಂದು ಗೆರೆಯಲ್ಲೂ ಅರ್ಧ ಚಿತ್ರ. ನಮ್ಮಲ್ಲಿ ಬಳಕೆಯಲ್ಲಿದ್ದ ವಿಎಚ್ಎಸ್‌ನಲ್ಲಿ ಒಂದು ಗೆರೆಯ ಅಗಲ 49 ಮೈಕ್ರಾನ್. ತಲೆಕೂದಲೇ ಸಾಮಾನ್ಯವಾಗಿ ಅದಕ್ಕಿಂತ ದಪ್ಪ ಇರುತ್ತದೆ.

ಗೆರೆ ಎಷ್ಟು ಅಗಲ, ಎಷ್ಟು ಓರೆ, ಟೇಪಿನ ವೇಗ ಎಷ್ಟು, ಬಣ್ಣವನ್ನು ಎಲ್ಲಿ ತುಂಬಬೇಕು, ಧ್ವನಿಯನ್ನು ಯಾವ ಅಂಚಿನಲ್ಲಿ ಬರೆಯಬೇಕು, ಕ್ಯಾಸೆಟ್ಟಿನ ಡಬ್ಬಿ ಎಷ್ಟು ದೊಡ್ಡದು ಎಂಬ ಒಪ್ಪಂದಕ್ಕೇ ‘ಫಾರ್ಮ್ಯಾಟ್’ ಎನ್ನುತ್ತಾರೆ. ಇದರಲ್ಲಿ ಒಂದು ಅಂಶ ಬದಲಾದರೂ ಬರೆದದ್ದನ್ನು ಓದಲಾಗುವುದಿಲ್ಲ. ತಾಳೆಗರಿಯನ್ನು ಓದಲು ಕಣ್ಣು ಮತ್ತು ಲಿಪಿಯ ಪರಿಚಯ ಸಾಕು. ವಿಡಿಯೋ ಟೇಪಿಗೆ ಅದನ್ನು ಬರೆದ ಜಾತಿಯ ಯಂತ್ರವೇ ಬೇಕು. ಬ್ರಿಟನ್ನಿನಲ್ಲಿ 1086ರ ಡೂಮ್ಸ್‌ಡೇ ದಾಖಲೆ ಪುಸ್ತಕವನ್ನು ಈಗಲೂ ಓದಬಹುದು. ಅದರ 900ನೇ ವರ್ಷದ ನೆನಪಿಗೆ ಬಿಬಿಸಿ 1986ರಲ್ಲಿ ಲೇಸರ್ ಡಿಸ್ಕ್‌ನಲ್ಲಿ ಹೊಸ ಡೂಮ್ಸ್‌ಡೇ ಮಾಡಿತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದನ್ನು ಓದುವ ಯಂತ್ರ ಹುಡುಕುವುದೇ ಕಷ್ಟವಾಗಿ, ಸಂಶೋಧಕರು ಕೂತು ಅದನ್ನು ಬದುಕಿಸಬೇಕಾಯಿತು.

1972ರಲ್ಲಿ ಕೊಂಡವರ ಪಾಡು

ಮನೆಬಳಕೆಯ ವಿಡಿಯೋ ಎಂದರೆ ಹೆಚ್ಚಿನವರಿಗೆ ಬೀಟಾಮ್ಯಾಕ್ಸ್ ಮತ್ತು ವಿಎಚ್ಎಸ್ ಜಗಳವೇ ಮೊದಲು ನೆನಪಾಗುತ್ತದೆ. ಅದಕ್ಕಿಂತ ಮುಂಚೆಯೇ ದುಡ್ಡು ಕಳೆದುಕೊಂಡವರಿದ್ದಾರೆ.

1972ರಲ್ಲಿ ಯುರೋಪಿನಲ್ಲಿ ಫಿಲಿಪ್ಸ್ ಕಂಪನಿ ಎನ್1500 ಎಂಬ ಯಂತ್ರ ತಂದಿತು. ಟಿವಿ ಕಾರ್ಯಕ್ರಮ ಹಿಡಿಯುವ ಟ್ಯೂನರ್ ಅದರೊಳಗೇ ಇತ್ತು, ನೀವು ಮನೆಯಲ್ಲಿಲ್ಲದಾಗ ತಾನೇ ಚಾಲೂ ಆಗುವ ಗಡಿಯಾರವೂ ಇತ್ತು. ನಾವು ವಿಸಿಆರ್ ಎಂದು ಕರೆಯುವ ಎಲ್ಲವೂ ಅದರಲ್ಲಿತ್ತು. ‘ವಿಸಿಆರ್’ ಎಂಬುದು ಫಿಲಿಪ್ಸ್ ತನ್ನ ಫಾರ್ಮ್ಯಾಟಿಗೆ ಇಟ್ಟ ಹೆಸರೇ ಆಗಿತ್ತು. ಚೌಕಾಕಾರದ ಕ್ಯಾಸೆಟ್ಟಿನಲ್ಲಿ ಎರಡು ಸುರುಳಿಗಳು ಪಕ್ಕಪಕ್ಕ ಅಲ್ಲ, ಒಂದರ ಮೇಲೊಂದು ಕೂತಿದ್ದವು. ತೊಂದರೆ ಒಂದೇ: ಟೇಪು ಸೆಕೆಂಡಿಗೆ 14 ಸೆಂಟಿಮೀಟರ್‌ಗೂ ಹೆಚ್ಚು ಓಡುತ್ತಿದ್ದರಿಂದ ಒಂದು ಕ್ಯಾಸೆಟ್ಟಿಗೆ ಸುಮಾರು ಒಂದು ಗಂಟೆ. ಸಿನಿಮಾ ಹಿಡಿಸುವುದಿಲ್ಲ, ಫುಟ್‌ಬಾಲ್ ಪಂದ್ಯವೂ ಹಿಡಿಸುವುದಿಲ್ಲ.

1977ರಲ್ಲಿ ಫಿಲಿಪ್ಸ್ ಇದನ್ನು ಸರಿಪಡಿಸಿತು. ಎನ್1700 ಎಂಬ ಹೊಸ ಯಂತ್ರದಲ್ಲಿ ಟೇಪಿನ ವೇಗ ಅರ್ಧಕ್ಕಿಂತ ಕಡಿಮೆ, ಗೆರೆಯ ಅಗಲ 130 ಮೈಕ್ರಾನ್‌ನಿಂದ 85ಕ್ಕೆ ಇಳಿಯಿತು, ಎರಡು ಗಂಟೆಗೂ ಹೆಚ್ಚು ರೆಕಾರ್ಡಿಂಗ್ ಸಾಧ್ಯವಾಯಿತು. ಕ್ಯಾಸೆಟ್ಟಿನ ಡಬ್ಬಿ ಮಾತ್ರ ಅದೇ. ಹೀಗಾಗಿ ಹಳೆಯ ಕ್ಯಾಸೆಟ್ ಹೊಸ ಯಂತ್ರದೊಳಗೆ ಸಲೀಸಾಗಿ ಹೋಗುತ್ತಿತ್ತು, ಚಿತ್ರ ಮಾತ್ರ ಬರುತ್ತಿರಲಿಲ್ಲ. ಅದಾಗಿ ಎರಡು ವರ್ಷಕ್ಕೆ, 1979ರಲ್ಲಿ, ಅದೇ ಫಿಲಿಪ್ಸ್ ಗ್ರಂಡಿಗ್ ಜತೆ ಸೇರಿ ‘ವಿಡಿಯೋ 2000’ ತಂದಿತು. ಹಾಡಿನ ಕ್ಯಾಸೆಟ್ಟಿನಂತೆ ತಿರುಗಿಸಿ ಹಾಕಬಹುದಾದ ಕ್ಯಾಸೆಟ್, ಒಂದೊಂದು ಬದಿಗೆ ನಾಲ್ಕು ಗಂಟೆ, ಗೆರೆಯ ಅಗಲ ಬರೀ 22.6 ಮೈಕ್ರಾನ್. ಎಂಜಿನಿಯರಿಂಗ್ ದೃಷ್ಟಿಯಿಂದ ನಮಗೆ ಈ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಆದರೆ ಅದೂ ಹಿಂದಿನ ಎರಡಕ್ಕೂ ಹೊಂದಲಿಲ್ಲ. ಏಳು ವರ್ಷದಲ್ಲಿ ಒಂದೇ ಕಂಪನಿಯ ಮೂರು ಫಾರ್ಮ್ಯಾಟು, ಒಂದರ ಟೇಪು ಇನ್ನೊಂದಕ್ಕೆ ಬಾರದು! ನಿಷ್ಠೆಯಿಂದ ಒಂದೇ ಕಂಪನಿಯನ್ನು ನೆಚ್ಚಿಕೊಂಡ ಗ್ರಾಹಕ ಮೂರು ಸಲ ದುಡ್ಡು ಕೊಟ್ಟ. ವಿಡಿಯೋ 2000 ಬರುವ ಹೊತ್ತಿಗೆ ಜಪಾನಿನ ಯಂತ್ರಗಳು ಯುರೋಪಿನ ಅಂಗಡಿಗಳಿಗೆ ಇಳಿದಾಗಿತ್ತು.

ಅದೇ 1972ರಲ್ಲಿ ಅಮೆರಿಕದಲ್ಲಿ ಬಂದ ಕಾರ್ಟ್ರಿವಿಷನ್‌ನ ಕಥೆ ಇನ್ನೂ ಸ್ವಾರಸ್ಯ. ಟಿವಿಯೊಳಗೇ ಕೂಡಿಸಿ ಮಾರುತ್ತಿದ್ದ ಈ ಯಂತ್ರಕ್ಕೆ ಸಾವಿರ ಡಾಲರ್‌ಗೂ ಹೆಚ್ಚು ಬೆಲೆ. ಟೇಪು ಉಳಿಸಲು ಅದು ಮೂರು ಅರ್ಧಚಿತ್ರಗಳಲ್ಲಿ ಒಂದನ್ನು ಮಾತ್ರ ಬರೆದು, ನೋಡುವಾಗ ಅದನ್ನೇ ಮೂರು ಸಲ ತೋರಿಸುತ್ತಿತ್ತು. ಕೊಳ್ಳುವ ಕ್ಯಾಸೆಟ್ ಕಪ್ಪು, ಬಾಡಿಗೆ ಸಿನಿಮಾದ ಕ್ಯಾಸೆಟ್ ಕೆಂಪು. ಕೆಂಪು ಕ್ಯಾಸೆಟ್ಟನ್ನು ಮನೆಯ ಯಂತ್ರ ಹಿಂದಕ್ಕೆ ಸುತ್ತುತ್ತಿರಲಿಲ್ಲ, ಒಂದು ಸಲ ನೋಡಿದರೆ ಮುಗಿಯಿತು, ಅಂಗಡಿಗೆ ಹೋಗಿ ಅವರ ಯಂತ್ರದಲ್ಲೇ ಸುತ್ತಿಸಬೇಕು. ‘ಬೇಕಂತಲೇ ಮಾಡಿದ್ದು’ ಎಂದು ಹೇಳಬಹುದಾದ ಉದಾಹರಣೆ ಬೇಕಿದ್ದರೆ ಇದು ಅಪ್ಪಟ. ವ್ಯಾಪಾರ 1973ರಲ್ಲೇ ನಿಂತುಹೋಯಿತು.

ಯಂತ್ರ ಹೋಯಿತು, ಟೇಪು ಉಳಿಯಿತು. 1973ರ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್ ಸರಣಿಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಐದನೇ ಪಂದ್ಯ ಗೆದ್ದು ಪ್ರಶಸ್ತಿ ಪಡೆಯಿತು. ಆ ಪಂದ್ಯದ ಟಿವಿ ಪ್ರಸಾರ ಉಳಿದಿದ್ದು ಒಂದು ಕಾರ್ಟ್ರಿವಿಷನ್ ಟೇಪಿನಲ್ಲಿ. ದಶಕಗಳ ನಂತರ ಅದು ಸಿಕ್ಕಿತು, ಆದರೆ ಓದುವ ಯಂತ್ರವಿರಲಿಲ್ಲ. ಸತ್ತ ಯಂತ್ರವೊಂದನ್ನು ಮತ್ತೆ ಓಡುವಂತೆ ಮಾಡಿ, ಹಾಳಾಗಿದ್ದ ಟೇಪಿನಿಂದ ಚಿತ್ರ ಹೊರತೆಗೆಯಲು ವರ್ಷಗಳೇ ಹಿಡಿದವು. ನಮ್ಮ ಮದುವೆ ಕ್ಯಾಸೆಟ್ಟಿಗಾಗಿ ಅಷ್ಟು ಶ್ರಮಪಡುವವರು ಯಾರು?

ಬೀಟಾ ‘ಉತ್ತಮ’ವಾಗಿದ್ದೂ ಸೋತಿತೇ?

ಬಹಳ ಹಂಚಿಕೆಯಾಗುವ ಕಥೆ ಇದು: ಸೋನಿಯ ಬೀಟಾಮ್ಯಾಕ್ಸ್ ಎಷ್ಟೋ ಪಾಲು ಚೆನ್ನಾಗಿತ್ತು, ಸೋನಿ ಅದನ್ನು ಯಾರಿಗೂ ಕೊಡಲಿಲ್ಲ, ವಿಎಚ್ಎಸ್ ಅಗ್ಗದ ಮಾಲು, ಆದರೂ ಗೆದ್ದಿತು. ಉದ್ಯಮದ ಪಾಠವೆಂದು ಇದನ್ನು ಭಾಷಣಗಳಲ್ಲೂ ಹೇಳುತ್ತಾರೆ. ಇದರ ಒಂದೊಂದು ಭಾಗವೂ ಅಷ್ಟಿಷ್ಟು ತಪ್ಪು.

ಬೀಟಾಮ್ಯಾಕ್ಸ್ 1975ರಲ್ಲಿ ಬಂತು. ಕ್ಯಾಸೆಟ್ ಪುಸ್ತಕದಷ್ಟು ಸಣ್ಣದು, ರೆಕಾರ್ಡಿಂಗ್ ಒಂದು ಗಂಟೆ. ಎಲ್ಲರೂ ಒಂದೇ ಮಾನಕಕ್ಕೆ ಬರಲಿ ಎಂದು ಸೋನಿ 1974ರಲ್ಲೇ ಅದನ್ನು ಜೆವಿಸಿ ಮತ್ತು ಮತ್ಸುಶಿತಾ ಕಂಪನಿಗಳಿಗೆ ತೋರಿಸಿತ್ತು. ಮತ್ಸುಶಿತಾ ಎಂದರೆ ನಮಗೆ ಪ್ಯಾನಾಸಾನಿಕ್ ಹೆಸರಿನಲ್ಲಿ ಪರಿಚಯವಿರುವವರು. ಅವರು ಒಪ್ಪಲಿಲ್ಲ. ಜೆವಿಸಿಯ ಎಂಜಿನಿಯರುಗಳು ಬೇರೆಯೇ ಪಟ್ಟಿ ಮಾಡಿಕೊಂಡಿದ್ದರು, ಅದರಲ್ಲಿ ಎರಡು ಗಂಟೆ ಹಿಡಿಸಲೇಬೇಕು ಎಂಬುದು ಮುಖ್ಯವಾಗಿತ್ತು. 1976ರಲ್ಲಿ ವಿಎಚ್ಎಸ್ ಬಂತು, ಎರಡು ಗಂಟೆಯೊಂದಿಗೆ. 1977ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಮತ್ಸುಶಿತಾ ತಯಾರಿಸಿದ ನಾಲ್ಕು ಗಂಟೆಯ ವಿಎಚ್ಎಸ್ ಮಾರಾಟಕ್ಕೆ ಇಳಿಸಿತು. ಅಮೆರಿಕನ್ ಫುಟ್‌ಬಾಲ್ ಪಂದ್ಯ ಪೂರ್ತಿ ಹಿಡಿಸಬೇಕೆಂಬುದು ಅವರ ಹಟ.

ಸಮಯಕ್ಕಾಗಿ ಸೋನಿಯೂ ಟೇಪಿನ ವೇಗ ಅರ್ಧ ಮಾಡಬೇಕಾಯಿತು. ಅಲ್ಲಿಗೆ ಚಿತ್ರದ ಗುಣಮಟ್ಟದ ಮೇಲುಗೈ ಬಹುಪಾಲು ಹೋಯಿತು. ಮನೆಗಳಲ್ಲಿ ನಿಜವಾಗಿ ಬಳಕೆಯಾಗುತ್ತಿದ್ದ ವೇಗದಲ್ಲಿ ವಿಎಚ್ಎಸ್ ಸುಮಾರು 240 ಗೆರೆಗಳ ಸ್ಪಷ್ಟತೆ ಕೊಟ್ಟರೆ ಬೀಟಾ 250ರ ಆಸುಪಾಸು. ಆ ಕಾಲದ ಟಿವಿಯಲ್ಲಿ, ಅದೂ ದೂರದಲ್ಲಿ ಕೂತು ನೋಡಿದರೆ, ಈ ಅಂತರ ಕಾಣುವುದು ಕಷ್ಟ. ‘ಟಿವಿ ಸ್ಟೇಷನ್ನುಗಳು ಬೀಟಾವನ್ನೇ ಬಳಸಿದವಲ್ಲ’ ಎಂದು ವಾದಿಸುವವರಿದ್ದಾರೆ. ಅವರು ಬಳಸಿದ್ದು 1982ರಲ್ಲಿ ಬಂದ ಬೀಟಾಕ್ಯಾಮ್. ಕ್ಯಾಸೆಟ್ಟಿನ ಡಬ್ಬಿ ಒಂದೇ ಥರ ಇದ್ದರೂ ಅದರಲ್ಲಿ ಟೇಪು ಹಲವು ಪಟ್ಟು ವೇಗವಾಗಿ ಓಡುತ್ತದೆ, ಬರೆಯುವ ರೀತಿಯೇ ಬೇರೆ. ಹೆಸರು ಕೇಳಿ ಗೊಂದಲಕ್ಕೆ ಬಿದ್ದವರು ಬಹಳ.

ಸೋನಿ ಯಾರಿಗೂ ಕೊಡಲಿಲ್ಲ ಎಂಬುದೂ ಸರಿಯಲ್ಲ. ಸ್ಯಾನ್ಯೊ, ತೊಶಿಬಾ, ಎನ್ಇಸಿ ಕಂಪನಿಗಳೂ ಬೀಟಾ ಯಂತ್ರ ಮಾಡಿದವು. ವಿಎಚ್ಎಸ್ ಪಾಳಯ ಇನ್ನೂ ದೊಡ್ಡದಿತ್ತು ಅಷ್ಟೇ. ಅಶ್ಲೀಲ ಚಿತ್ರಗಳಿಂದಲೇ ವಿಎಚ್ಎಸ್ ಗೆದ್ದಿತು ಎಂಬ ಇನ್ನೊಂದು ಕಥೆಯೂ ಇದೆ. ಅಂಥ ಚಿತ್ರಗಳು ಬೀಟಾದಲ್ಲೂ ಸಿಗುತ್ತಿದ್ದವು, ಹಾಗಾಗಿ ಅದೊಂದೇ ಕಾರಣ ಎನ್ನುವುದು ನಿಲ್ಲುವುದಿಲ್ಲ.

ನಿಜವಾದ ಕಾರಣ ತಿಳಿಯಲು ನಮ್ಮೂರಿನ ವಿಡಿಯೋ ಲೈಬ್ರರಿ ನೆನಪಿಸಿಕೊಂಡರೆ ಸಾಕು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿತು, ಅದರ ಹಿಂದೆಯೇ ವಿಸಿಆರ್ ಕಾಲ ಬಂತು. ಕಲರ್ ಟಿವಿ, ವಿಸಿಆರ್ ಮತ್ತು ಮೂರು-ನಾಲ್ಕು ಕ್ಯಾಸೆಟ್ಟನ್ನು ಒಂದು ರಾತ್ರಿಗೆ ಬಾಡಿಗೆಗೆ ತಂದು, ಇಡೀ ಓಣಿ ಒಂದೇ ಜಗುಲಿಯಲ್ಲಿ ಬೆಳಗಿನ ತನಕ ಕೂತು ನೋಡಿದ ನೆನಪು ಎಷ್ಟೋ ಜನರಿಗಿದೆ. ಆ ಅಂಗಡಿಯವನ ಜಾಗದಲ್ಲಿ ನಿಂತು ಯೋಚಿಸಿ. ಪ್ರತಿ ಸಿನಿಮಾವನ್ನೂ ಎರಡೆರಡು ಫಾರ್ಮ್ಯಾಟಿನಲ್ಲಿ ಇಡಲು ಅವನ ಹತ್ತಿರ ಬಂಡವಾಳವೂ ಇಲ್ಲ, ಕಪಾಟೂ ಇಲ್ಲ. ಹತ್ತು ಗಿರಾಕಿಯಲ್ಲಿ ಏಳು ಜನ ವಿಎಚ್ಎಸ್ ಕೇಳಿದರೆ ಅವನು ವಿಎಚ್ಎಸ್ ಇಡುತ್ತಾನೆ. ಹೊಸದಾಗಿ ಯಂತ್ರ ಕೊಳ್ಳುವವನು ಲೈಬ್ರರಿಯಲ್ಲಿ ಏನು ಸಿಗುತ್ತದೋ ಅದನ್ನೇ ಕೊಳ್ಳುತ್ತಾನೆ. ಮುಂದಿನ ವರ್ಷ ಏಳು ಹೋಗಿ ಒಂಬತ್ತಾಗುತ್ತದೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. 1988ರಲ್ಲಿ ಸೋನಿಯೇ ವಿಎಚ್ಎಸ್ ಯಂತ್ರ ಮಾಡತೊಡಗಿತು.

ಅಮೆರಿಕದಿಂದ ಬಂದ ಕ್ಯಾಸೆಟ್ ಏಕೆ ಓಡಲಿಲ್ಲ?

ಮಗನೋ ಮಗಳೋ ಅಮೆರಿಕದಲ್ಲಿದ್ದ ಮನೆಗಳಿಗೆ ಇದು ಗೊತ್ತಿರುವ ಸಂಕಟ. ಮೊಮ್ಮಗುವಿನ ಹುಟ್ಟುಹಬ್ಬದ ವಿಎಚ್ಎಸ್ ಕ್ಯಾಸೆಟ್ ಅಂಚೆಯಲ್ಲಿ ಬರುತ್ತದೆ. ಅದೇ ಅಳತೆ, ಅದೇ ಗುರುತು. ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳುತ್ತದೆ, ಬಣ್ಣ ಇಲ್ಲ, ಮಾತು ಎಳೆದಂತೆ ಕೇಳುತ್ತದೆ. ಎಷ್ಟೋ ಜನ ವಿಸಿಆರ್ ಕೆಟ್ಟಿತೆಂದು ರಿಪೇರಿಗೆ ಒಯ್ದರು.

ಯಂತ್ರ ಕೆಟ್ಟಿರಲಿಲ್ಲ. ಭಾರತದಲ್ಲಿ ಟಿವಿಯ ಪದ್ಧತಿ ಪಾಲ್: 625 ಗೆರೆ, ಸೆಕೆಂಡಿಗೆ 50 ಅರ್ಧಚಿತ್ರ. ಅಮೆರಿಕ ಮತ್ತು ಜಪಾನಿನಲ್ಲಿ ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 60. ಅಲ್ಲಿಯ ಡ್ರಮ್ಮು ನಿಮಿಷಕ್ಕೆ 1,500 ಅಲ್ಲ, 1,800 ಸುತ್ತು. ಎರಡೂ ಓದಬಲ್ಲ ಮಲ್ಟಿಸಿಸ್ಟಮ್ ವಿಸಿಆರ್ ಬೇಕಿತ್ತು. ಇವತ್ತು ಅಂಥ ಹಳೆಯ ಕ್ಯಾಸೆಟ್ ನಿಮ್ಮ ಬಳಿ ಇದ್ದರೆ ಅದು ಎಲ್ಲಿ ರೆಕಾರ್ಡ್ ಆದದ್ದು ಎಂದು ಕನ್ವರ್ಟ್ ಮಾಡುವವರಿಗೆ ಮೊದಲೇ ಹೇಳಿ. ಮುಂದೆ ಡಿವಿಡಿ ಬಂದಾಗಲೂ ಕಾಟ ತಪ್ಪಲಿಲ್ಲ. ಅಂಗಡಿಯಲ್ಲಿ ಮಾರುವ ಸಿನಿಮಾ ಡಿವಿಡಿಗಳಿಗೆ ಪ್ರಾಂತ್ಯದ ಸಂಖ್ಯೆ ಹಾಕಿದರು, ಅಮೆರಿಕ 1, ಭಾರತ 5. ಇದು ತಾಂತ್ರಿಕ ಅಗತ್ಯವಲ್ಲ, ಪೂರ್ತಿ ವ್ಯಾಪಾರದ ಬೇಲಿ. ಫಾರ್ವರ್ಡ್‌ಗಳ ಆರೋಪ ಇಲ್ಲಿ ಸರಿ.

ವಿಎಚ್ಎಸ್ ನಂತರದ ಕಥೆ ಚುಟುಕಾಗಿ ಹೇಳಬಹುದು. 1993ರ ವಿಸಿಡಿ ನಮ್ಮಲ್ಲಿ ಅಗ್ಗದ ಪ್ಲೇಯರುಗಳಿಂದಾಗಿ ಹಳ್ಳಿ ಹಳ್ಳಿ ತಲುಪಿತು. ಒಂದು ಡಿಸ್ಕಿನಲ್ಲಿ 74 ನಿಮಿಷ, ಹಾಗಾಗಿ ಸಿನಿಮಾ ಅರ್ಧದಲ್ಲಿ ಎದ್ದು ಡಿಸ್ಕ್ ಬದಲಿಸಬೇಕು. ಡಿವಿಡಿಯ ಹೊತ್ತಿಗೆ ಮತ್ತೆ ಎರಡು ಪಾಳಯ ಎದ್ದಿದ್ದವು, ಆದರೆ ಕಂಪ್ಯೂಟರ್ ಕಂಪನಿಗಳು ಒತ್ತಡ ಹಾಕಿದ್ದರಿಂದ 1995ರಲ್ಲಿ ಒಂದೇ ಮಾನಕಕ್ಕೆ ಒಪ್ಪಿದರು. ಅದರ ನಂತರ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಮತ್ತೆ ಕಾದಾಡಿ, 2008ರ ಫೆಬ್ರವರಿಯಲ್ಲಿ ತೊಶಿಬಾ ಕೈಚೆಲ್ಲಿತು. ಈ ಸಲ ಗೆದ್ದ ಪಾಳಯದ ಮುಂದಾಳು ಸೋನಿ.

‘2025ರ ನಂತರ ಎಲ್ಲ ಕ್ಯಾಸೆಟ್ ಅಳಿಸಿಹೋಗುತ್ತವೆ’ — ನಿಜವೇ?

ಅಲ್ಲ. ಈ ಮಾತಿನ ಮೂಲ ಮಾತ್ರ ಗಂಭೀರವಾದದ್ದು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲಿ ‘ಡೆಡ್‌ಲೈನ್ 2025’ ಎಂಬ ಎಚ್ಚರಿಕೆ ಪ್ರಕಟಿಸಿತು. ಯುನೆಸ್ಕೋ ಕೂಡ ಇದೇ ಆತಂಕದಿಂದ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಯೋಜನೆ ನಡೆಸಿತು. ಒಂದು ತಾರೀಖಿಗೆ ಟೇಪುಗಳು ಖಾಲಿಯಾಗುತ್ತವೆ ಎಂದು ಅವರು ಹೇಳಲಿಲ್ಲ. ಓಡುವ ಯಂತ್ರ, ಬಿಡಿಭಾಗ ಮತ್ತು ರಿಪೇರಿ ಬಲ್ಲ ಜನ, ಈ ಮೂರೂ ಆ ಹೊತ್ತಿಗೆ ಕೈಗೆ ಸಿಗದಷ್ಟು ಕಡಿಮೆಯಾಗುತ್ತವೆ ಎಂಬುದು ಅವರ ಆತಂಕ. ಬೀಟಾಮ್ಯಾಕ್ಸ್ ಕ್ಯಾಸೆಟ್ ಮಾರಾಟವನ್ನು ಸೋನಿ ನಿಲ್ಲಿಸಿದ್ದು 2016ರ ಮಾರ್ಚಿನಲ್ಲಿ. ಜಪಾನಿನ ಫುನಾಯ್ ಕಂಪನಿ ವಿಎಚ್ಎಸ್ ವಿಸಿಆರ್ ತಯಾರಿಕೆ ಕೊನೆಗೊಳಿಸಿದ್ದು ಅದೇ ವರ್ಷದ ಜುಲೈನಲ್ಲಿ. ಈಗ ಓಡುತ್ತಿರುವುದೆಲ್ಲ ಹಳೆಯದೇ. ಅವುಗಳಲ್ಲಿ ರಬ್ಬರ್ ಬೆಲ್ಟು ಅಂಟಾಗುತ್ತದೆ ಅಥವಾ ಸಡಿಲವಾಗುತ್ತದೆ, ಹೆಡ್ಡು ಸವೆಯುತ್ತದೆ.

ನಮ್ಮ ಕರಾವಳಿ, ಮಲೆನಾಡಿನ ಕಡೆ ಇನ್ನೊಂದು ಶತ್ರು ಇದೆ: ಬೂಷ್ಟು. ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯಂತೆ, ಜೇಡರ ಬಲೆಯಂತೆ ಬೆಳೆಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚು ಹಿಡಿದು ನೋಡಿದರೆ ಕಾಣುತ್ತದೆ. ಅಂಥ ಕ್ಯಾಸೆಟ್ಟನ್ನು ‘ಒಂದು ಸಲ ನೋಡೋಣ’ ಎಂದು ವಿಸಿಆರ್‌ಗೆ ಹಾಕಲೇಬೇಡಿ. ಟೇಪು ಅಂಟಿಕೊಂಡಿದ್ದರೆ ಹರಿಯುತ್ತದೆ, ಹೆಡ್ಡಿಗೆ ಬೂಷ್ಟು ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಆ ಪುಡಿ ಉಸಿರಿಗೂ ಒಳ್ಳೆಯದಲ್ಲ, ಆಸ್ತಮಾ ಇರುವವರು ದೂರವಿರಿ. ಯೂಟ್ಯೂಬ್ ನೋಡಿ ಟೇಪನ್ನು ಓವನ್ನಿನಲ್ಲಿಡುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು ಬೇಡ. ಟೇಪನ್ನು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಕ್ರಮ ಇರುವುದು ನಿಜ. ಅದು ಅಂಟು ಹಾಳಾದ ಕೆಲವು ಬಗೆಯ ಟೇಪಿಗೆ, ಉಷ್ಣತೆ ಹಿಡಿತದಲ್ಲಿಡುವ ಉಪಕರಣ ಇರುವವರು ಮಾಡುವ ಕೆಲಸ, ಎಲ್ಲ ಕ್ಯಾಸೆಟ್ಟಿಗೂ ಅಲ್ಲ.

ಟೇಪು ಚೊಕ್ಕಟವಾಗಿ ಕಂಡರೆ ತಡ ಮಾಡದೆ ಕನ್ವರ್ಟ್ ಮಾಡಿಸಿ. ಮೊದಲು ಬೇಡವಾದ ಯಾವುದಾದರೂ ಸಿನಿಮಾ ಕ್ಯಾಸೆಟ್ ಹಾಕಿ ಯಂತ್ರ ಟೇಪು ನುಂಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಮದುವೆಯದ್ದು. ಮನೆಯಲ್ಲೇ ಹೊಸ ಟಿವಿಗೆ ಹಚ್ಚಿ ನೋಡುವುದಾದರೆ ಒಂದು ಸಣ್ಣ ಎಚ್ಚರ. ಹೊಸ ಟಿವಿಗಳು ಕೆಲವಲ್ಲಿ ಕೆಂಪು-ಬಿಳಿ-ಹಳದಿ ಪಿನ್ನಿನ ಜಾಗವೇ ಇಲ್ಲ, ಎಚ್‌ಡಿಎಂಐ ಮಾತ್ರ. ಅದಕ್ಕೆ ಸಿಗುವ ಸಣ್ಣ ಡಬ್ಬಿಯಂಥ ಕನ್ವರ್ಟರಿನಲ್ಲಿ ಎರಡು ಬಗೆ: ಎವಿಯನ್ನು ಎಚ್‌ಡಿಎಂಐ ಮಾಡುವುದು, ಎಚ್‌ಡಿಎಂಐಯನ್ನು ಎವಿ ಮಾಡುವುದು. ನೋಡಲು ಎರಡೂ ಒಂದೇ. ನಿಮಗೆ ಬೇಕಾದ್ದು ಮೊದಲನೆಯದು. ತಪ್ಪಾಗಿ ತಂದು ‘ವಿಸಿಆರ್ ಹಾಳಾಗಿದೆ’ ಎಂದು ಗುಜರಿಗೆ ಹಾಕಿದವರನ್ನು ನಾವು ಕಂಡಿದ್ದೇವೆ.

ಕನ್ವರ್ಟ್ ಅಂಗಡಿಗೆ ಕೊಡುವಾಗ ಡಿವಿಡಿ ಮಾತ್ರವಲ್ಲ, ಪೆನ್‌ಡ್ರೈವಿನಲ್ಲಿ ಫೈಲನ್ನೂ ಕೇಳಿ. ಮನೆಯಲ್ಲಿ ಬರೆಯುವ ಡಿವಿಡಿಯ ಬಣ್ಣದ ಪದರ ಬಿಸಿಲು, ಸೆಕೆಗೆ ಮಾಸುತ್ತದೆ. ಮೂಲ ಕ್ಯಾಸೆಟ್ಟನ್ನು ವಾಪಸ್ ಪಡೆಯಿರಿ. ಚಿತ್ರದ ಅಗಲ ಹಳೆಯ ಟಿವಿಯಂತೆ 4ಕ್ಕೆ 3 ಇರಲಿ ಎಂದು ಬಾಯಿಬಿಟ್ಟು ಹೇಳಿ. ನಮ್ಮ ತಂಡದಲ್ಲೊಬ್ಬರ ಮನೆಯ ಕ್ಯಾಸೆಟ್ಟನ್ನು ಅಂಗಡಿಯವರು ಅಗಲಕ್ಕೆ ಎಳೆದು ಕೊಟ್ಟಿದ್ದರು. ಮಂಟಪದಲ್ಲಿದ್ದವರೆಲ್ಲ ದಪ್ಪಗಾಗಿ, ಮದುಮಗನ ಮುಖ ಕುಂಬಳಕಾಯಿಯಾಗಿತ್ತು. ‘ಎಚ್‌ಡಿ ಮಾಡಿಕೊಡುತ್ತೇವೆ’ ಎಂಬ ಜಾಹೀರಾತನ್ನೂ ಪೂರ್ತಿ ನಂಬಬೇಡಿ. ಟೇಪಿನಲ್ಲಿರುವುದು 240 ಗೆರೆಯ ವಿವರ, ಇಲ್ಲದ್ದು ಎಲ್ಲಿಂದ ಬರಬೇಕು? ಎಐ ತಂತ್ರಾಂಶಗಳು ಚುರುಕಾದ ಮುಖ ತೋರಿಸಿದರೆ ಅದರಲ್ಲಿ ಒಂದಷ್ಟು ಭಾಗ ಊಹೆ. ಅಜ್ಜಿಯ ಮುಖಕ್ಕೆ ಇನ್ನಾರದೋ ಕಣ್ಣು, ಹಲ್ಲು ಬಂದು ಕೂರಬಹುದು. ಹಾಗೆ ಮಾಡಿಸುವುದಿದ್ದರೂ ತಿದ್ದದ ಪ್ರತಿಯೊಂದು ಬೇರೆಯಾಗಿ ಇರಲಿ.

ಫೈಲು ಕೈಗೆ ಬಂದ ಮೇಲೆ ಅದನ್ನು ಎರಡು ಕಡೆ ಇಡಿ, ಒಂದು ಊರಿನ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಣ್ಣನದೋ ಅಕ್ಕನದೋ ಮನೆಯಲ್ಲಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆವು, ಅಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ, ಗುಣಮಟ್ಟ ಇಳಿದು ಹೋಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ.

ಈ ಫೈಲೂ ಮುಂದೊಂದು ದಿನ ಹಳತಾಗುವುದಿಲ್ಲವೇ? ಆಗುತ್ತದೆ. ಹಳೆಯ ಬಟನ್ ಫೋನುಗಳ 3ಜಿಪಿ ವಿಡಿಯೋ ಈಗ ಯಾರೂ ತೆಗೆಯುವುದಿಲ್ಲ, ಅಡೋಬಿ ಫ್ಲ್ಯಾಶ್‌ಗೆ ಬೆಂಬಲ 2020ರ ಕೊನೆಗೆ ನಿಂತಿತು. ಆದರೆ ಟೇಪಿಗೂ ಫೈಲಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. 3ಜಿಪಿ ಫೈಲನ್ನು ವಿಎಲ್‌ಸಿಯಂಥ ಉಚಿತ ತಂತ್ರಾಂಶ ಇವತ್ತಿಗೂ ತೆರೆಯುತ್ತದೆ. ಅದನ್ನು ಓದುವ ‘ಯಂತ್ರ’ ಬರೀ ಬರಹ, ಬೇಕೆಂದಾಗ ಮತ್ತೆ ನಕಲು ಮಾಡಬಹುದು. ವಿಸಿಆರ್‌ನ ಡ್ರಮ್ಮನ್ನು ಹಾಗೆ ನಕಲು ಮಾಡಲಾಗದು.

ಕನ್ವರ್ಟ್ ಆದ ಮೇಲೆ ಉಳಿಯುವ ವಿಸಿಆರ್ ಓಡುತ್ತಿದ್ದರೆ ಕೆಂಪು ಪಾದರಸ ಕೇಳಿಕೊಂಡು ಬರುವವರಿಗೆ ಕೊಡಬೇಡಿ. ನಿಮ್ಮ ಊರಿನಲ್ಲಿ ಕ್ಯಾಸೆಟ್ ಕನ್ವರ್ಟ್ ಮಾಡುವವರನ್ನು ಕೇಳಿ ನೋಡಿ. ಒಂದು ಒಳ್ಳೆಯ ಹೆಡ್ಡಿಗೆ, ಒಂದು ಗಟ್ಟಿ ಬೆಲ್ಟಿಗೆ ಅವರು ಕಾಯುತ್ತಿರುತ್ತಾರೆ.